ಹಂಗಿಲ್ಲದ ಕಾತರ

2023ರ ಮೇ 13ರ ಬೆಳಿಗ್ಗೆ ಎಂಟಕ್ಕೆ ಕರ್ನಾಟಕ ವಿಧಾನಸಭೆಯ ಮತ ಎಣಿಕೆ ಶುರುವಾದಾಗ ನ್ಯೂಜೆರ್ಸಿಯಲ್ಲಿ ಹಿಂದಿನ ರಾತ್ರಿ ಹತ್ತೂವರೆ. ಮಕ್ಕಳನ್ನು ಮಲಗಿಸಿ, ಮೊಬೈಲಿನಲ್ಲಿ ಕನ್ನಡ ಚಾನೆಲ್ ಹಾಕಿಕೊಂಡು ನಿದ್ದೆಗೆಟ್ಟ ಕನ್ನಡಿಗರು ಅಲ್ಲಿ ಬೇಕಾದಷ್ಟು ಮಂದಿ. ಅವರಲ್ಲಿ ಮತ ಹಾಕಿದವರನ್ನು ಹುಡುಕಬೇಕು. ಮತವನ್ನೂ ಹಾಕದ, ಗೆದ್ದವರ ಆಡಳಿತದಲ್ಲಿ ಬಾಳಬೇಕಾಗಿಯೂ ಇಲ್ಲದ ಚುನಾವಣೆಗೆ ಇಷ್ಟೊಂದು ಕಾತರವೇಕೆ? ಆ ಕಾತರದಿಂದ ಹಕ್ಕೇನಾದರೂ ಹುಟ್ಟುತ್ತದೆಯೇ?

ಕಾನೂನಿನ ಉತ್ತರ ಅರೆಮನಸ್ಸಿನದು. ಜನಪ್ರತಿನಿಧಿ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿ ಅನಿವಾಸಿ ಭಾರತೀಯರಿಗೆ ಮತದ ಹಕ್ಕು ಕೊಟ್ಟಿತು. ನಮೂನೆ 6ಎ ತುಂಬಿದರೆ ಪಾಸ್‌ಪೋರ್ಟಿನಲ್ಲಿರುವ ವಿಳಾಸದ ಮತದಾರರ ಪಟ್ಟಿಗೆ ಹೆಸರು ಸೇರುತ್ತದೆ. ಆದರೆ ಮತ ಹಾಕಲು ಪಾಸ್‌ಪೋರ್ಟ್ ಹಿಡಿದು ಅದೇ ಊರಿನ ಮತಗಟ್ಟೆಗೆ ಖುದ್ದಾಗಿ ಬರಬೇಕು. 2024ರ ಲೋಕಸಭಾ ಚುನಾವಣೆಯಲ್ಲಿ ಹೀಗೆ ನೋಂದಾಯಿಸಿದ್ದ ಸುಮಾರು 1.19 ಲಕ್ಷ ಮಂದಿಯಲ್ಲಿ ಬಂದು ಮತ ಹಾಕಿದವರು ಮೂರು ಸಾವಿರವೂ ಇಲ್ಲ. ಅವರಲ್ಲೂ ಹೆಚ್ಚಿನವರು ಕೇರಳದವರು. ತಮ್ಮ ಪರವಾಗಿ ಇನ್ನೊಬ್ಬರಿಂದ ಮತ ಹಾಕಿಸಲು ಅವಕಾಶ ಕೊಡುವ ಮಸೂದೆಗೆ 2018ರಲ್ಲಿ ಲೋಕಸಭೆ ಒಪ್ಪಿತಾದರೂ ಅದು ರಾಜ್ಯಸಭೆ ದಾಟಲಿಲ್ಲ. ಮರುವರ್ಷ ಆ ಲೋಕಸಭೆಯ ಜತೆಗೇ ಬಿದ್ದುಹೋಯಿತು.

ಮತದ ಹಕ್ಕು ನಿಂತಿರುವುದು ಯಾವುದರ ಮೇಲೆ? ಹುಟ್ಟೂರಿನ ಪ್ರೀತಿಯನ್ನು ಅಳೆಯಲು ಬರುವುದಿಲ್ಲ. ಕಳಿಸಿದ ಹಣಕ್ಕೆ ಮತ ಕೊಟ್ಟರೆ ಪ್ರಜಾಪ್ರಭುತ್ವವೇ ಉಳಿಯುವುದಿಲ್ಲ. ನಿಲ್ಲುವ ಆಧಾರ ಒಂದೇ: ನಿರ್ಧಾರದ ಫಲ ಉಣ್ಣುವವರಿಗೆ ನಿರ್ಧಾರದಲ್ಲಿ ಪಾಲು. ಹೀಗೆ ನೋಡಿದರೆ ಅನಿವಾಸಿ ಎಂಬ ಒಂದೇ ಹೆಸರಿನಡಿ ಇಬ್ಬರು ಬೇರೆ ಬೇರೆ ಮನುಷ್ಯರು ಕಾಣುತ್ತಾರೆ. ಉಡುಪಿಯಿಂದ ದುಬೈಗೆ ಹೋದ ಎಲೆಕ್ಟ್ರಿಷಿಯನ್ ಮೂವತ್ತು ವರ್ಷ ದುಡಿದರೂ ಅಲ್ಲಿನ ಪ್ರಜೆಯಾಗುವುದಿಲ್ಲ. ಅವನ ಹೆಂಡತಿ ಹೋಗುವುದು ಊರಿನ ಆಸ್ಪತ್ರೆಗೆ, ಮಕ್ಕಳು ಊರಿನ ಶಾಲೆಗೆ. ಅವನು ಮರಳಿ ಬರುವುದು ಖಚಿತ. ಅಮೆರಿಕದಲ್ಲಿ ಗ್ರೀನ್ ಕಾರ್ಡಿಗೆ ಕಾದಿರುವ ಎಂಜಿನಿಯರ್ ಮರಳಲೂಬಹುದು, ಮರಳದೆಯೂ ಇರಬಹುದು. ಕಾನೂನು ಇಬ್ಬರ ಮತಕ್ಕೂ ವಿಮಾನದ ಟಿಕೆಟ್ಟನ್ನೇ ಬೆಲೆಯಾಗಿ ಇಟ್ಟಿದೆ. ಯಾರ ಹಕ್ಕು ಗಟ್ಟಿಯೋ ಅವನ ಗಳಿಕೆಗೇ ಅದು ಹೆಚ್ಚು ದುಬಾರಿ. ಇಷ್ಟು ವರ್ಷ ಹೊರಗಿದ್ದವರಿಗೆ ಮತವಿಲ್ಲ ಎಂಬ ಮಿತಿ ಹಾಕಿದರೂ ಪೆಟ್ಟು ಬೀಳುವುದು ದುಬೈಯವನಿಗೇ. ಅಂಥದೇ ಹದಿನೈದು ವರ್ಷದ ಮಿತಿಯನ್ನು ಬ್ರಿಟನ್ 2024ರಲ್ಲಿ ಕೈಬಿಟ್ಟಿತು. ಹಾಗಾಗಿ ಭಾರತದ ಪಾಸ್‌ಪೋರ್ಟ್ ಇರುವ ಎಲ್ಲರಿಗೂ ಇದ್ದಲ್ಲಿಂದಲೇ ಮತ ಹಾಕುವ ದಾರಿ ಇರಲಿ. ಅದರಾಚೆಗೆ ಬೇಕಾದ ಸಂಯಮವನ್ನು ಕಾನೂನು ತರಲಾರದು.

ಆ ಸಂಯಮ ಬೇಕಿರುವುದು ಮಾತಿಗೆ. ಡಲ್ಲಾಸಿನಲ್ಲಿರುವ ಮಗ ಯಾರಿಗೆ ಓಟು ಹಾಕಬೇಕೆಂದು ದಾವಣಗೆರೆಯ ತಾಯಿಗೆ ವಾಟ್ಸ್‌ಆ್ಯಪಿನಲ್ಲಿ ಪಾಠ ಮಾಡುತ್ತಾನೆ. ನಲ್ಲಿಯಲ್ಲಿ ವಾರಕ್ಕೆ ಎಷ್ಟು ಸಲ ನೀರು ಬರುತ್ತದೆ, ಕಷ್ಟಕ್ಕೆ ಕರೆದರೆ ಯಾರು ಬರುತ್ತಾರೆ ಎಂಬುದು ಆಕೆಗೆ ಗೊತ್ತು. ಅವನಿಗೆ ಗೊತ್ತಿರುವುದು ನಾಯಕರ ಭಾಷಣ ಮತ್ತು ಪಕ್ಷಗಳ ಸ್ಥಾನಗಳ ಲೆಕ್ಕ. ದೂರ ಹೋದಷ್ಟೂ ಕ್ಷೇತ್ರ ಮಸುಕಾಗಿ ಪಕ್ಷವಷ್ಟೇ ಕಣ್ಣಿಗೆ ಬೀಳುತ್ತದೆ. ಚುನಾವಣೆ ಕ್ರಿಕೆಟ್ ಪಂದ್ಯವಾಗುತ್ತದೆ. ದೂರದಿಂದ ನಡೆಸುವ ರಾಷ್ಟ್ರೀಯತೆ ಯಾರಿಗೂ ಉತ್ತರ ಹೇಳಬೇಕಿಲ್ಲದ ರಾಜಕಾರಣ ಎಂದು ರಾಜಕೀಯ ಚಿಂತಕ ಬೆನೆಡಿಕ್ಟ್ ಆ್ಯಂಡರ್ಸನ್ 1992ರಲ್ಲೇ ಎಚ್ಚರಿಸಿದ್ದರು.

ಇಷ್ಟೊಂದು ಕಾತರದ ಮೂಲ ಇರುವುದು ಅನಿವಾಸಿಗಳು ಬಾಳುತ್ತಿರುವ ದೇಶದಲ್ಲೇ. 2025ರ ಸೆಪ್ಟೆಂಬರಿನಲ್ಲಿ ಅಮೆರಿಕದ ಅಧ್ಯಕ್ಷರು ಹೊಸ ಎಚ್-1ಬಿ ಉದ್ಯೋಗ ವೀಸಾ ಅರ್ಜಿಗಳಿಗೆ ಒಂದು ಲಕ್ಷ ಡಾಲರ್ ಶುಲ್ಕ ಹೇರಿದಾಗ ಸಾವಿರಾರು ಮನೆಗಳ ಲೆಕ್ಕಾಚಾರ ಬುಡಮೇಲಾಯಿತು. ಆ ಅಧ್ಯಕ್ಷರನ್ನು ಆರಿಸಿದ ಚುನಾವಣೆಯಲ್ಲಿ ಈ ವೀಸಾದವರಿಗೆ ಮತವಿರಲಿಲ್ಲ, ತೆರಿಗೆ ಮಾತ್ರ ಇತ್ತು. ಬದುಕನ್ನು ಅಲ್ಲಾಡಿಸುವ ಚುನಾವಣೆಯ ಮುಂದೆ ಮನುಷ್ಯ ಮೂಕನಾಗಿರಬೇಕಾದಾಗ, ತನ್ನನ್ನು ಮುಟ್ಟದ ಚುನಾವಣೆಯಲ್ಲಿ ಅವನ ದನಿ ಏರುತ್ತದೆ. ಅಲ್ಲಿ ಸೋತರೂ ನೋವಿಲ್ಲ, ಗೆದ್ದರೆ ಹೆಮ್ಮೆಯುಂಟು.

ಹಾಗಾದರೆ ಹೊರಗಿದ್ದವರು ನಾಡಿಗಾಗಿ ದನಿ ಎತ್ತಿದ್ದೇ ತಪ್ಪೇ? ಬ್ರಿಟಿಷ್ ಆಳ್ವಿಕೆಯ ವಿರುದ್ಧ 1913ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಗದರ್ ಪಕ್ಷವನ್ನು ಯಾರೂ ಹಾಗೆ ದೂರಲಾರರು. ಆದರೆ ಅವರು ಹಡಗು ಹತ್ತಿ ಮರಳಿದರು. 1915ರಲ್ಲಿ ಅವರಲ್ಲೊಬ್ಬರಾದ ಕರ್ತಾರ್ ಸಿಂಗ್ ಸರಾಭಾ ಲಾಹೋರಿನಲ್ಲಿ ಗಲ್ಲಿಗೇರಿದಾಗ ವಯಸ್ಸು ಹತ್ತೊಂಬತ್ತು. ತಮ್ಮ ಮಾತಿನ ಬೆಲೆಯನ್ನು ತಾವೇ ತೆತ್ತರು. ಅದೇ 1915ರಲ್ಲಿ ದಕ್ಷಿಣ ಆಫ್ರಿಕಾದಿಂದ ಮರಳಿದ ಗಾಂಧೀಜಿಗೆ ಗೋಖಲೆ ಹೇಳಿದ್ದು, ಒಂದು ವರ್ಷ ದೇಶ ಸುತ್ತು, ಸಾರ್ವಜನಿಕ ವಿಷಯಗಳ ಬಗ್ಗೆ ಬಾಯಿ ತೆರೆಯಬೇಡ ಎಂದು. ಇಪ್ಪತ್ತು ವರ್ಷ ಹೋರಾಡಿ ಬಂದವರಿಗೂ ಕೇಳಿಸಿಕೊಳ್ಳುವ ಕಾಲ ಬೇಕಿತ್ತು.

ಇಂದಿನ ಅನಿವಾಸಿಗೆ ಅಷ್ಟು ಕಠಿಣ ಪರೀಕ್ಷೆ ಬೇಡ, ಒಂದು ಪ್ರಶ್ನೆ ಸಾಕು. ನಾನು ಬಯಸಿದವರು ಗೆದ್ದು ಕೆಟ್ಟ ಆಡಳಿತ ಕೊಟ್ಟರೆ ಅದರ ಬೆಲೆ ತೆರುವವರು ಯಾರು? ನಾನೇ ಎಂದಾದರೆ ಜೋರಾಗಿಯೇ ಮಾತಾಡಲಿ. ಅಮ್ಮ ಎಂದಾದರೆ, ಯಾರಿಗೆ ಓಟು ಹಾಕಬೇಕೆಂದು ಆಕೆಗೆ ಹೇಳುವುದನ್ನು ಬಿಟ್ಟು, ಯಾರಿಗೆ ಹಾಕಿದಳು, ಯಾಕೆ ಹಾಕಿದಳು ಎಂದು ಕೇಳಲಿ.