ಹಸಿರು ಚುಕ್ಕೆಯೂ ವ್ರತಿಯ ವಿವೇಕವೂ

ರಾಜಾಜಿನಗರದ ಅಂಗಡಿಯ ಐಸ್‌ಕ್ರೀಮ್ ಪೊಟ್ಟಣದ ಮೇಲಿನ ಹಸಿರು ಚುಕ್ಕೆಯು ಅದರಲ್ಲಿ ಮಾಂಸಾದಿಗಳಿಲ್ಲವೆಂದಷ್ಟೇ ಸಾರುತ್ತದೆ. 401 ಆಲ್ಜಿನೇಟ್, 406 ಅಗರ್ ಎಂಬ ಚೈನಾ ಗ್ರಾಸ್, 407 ಕ್ಯಾರಗೀನನ್ ಇವು ಕಡಲಪಾಚಿಯ ಸಾರಗಳು. ಶೈವಲವನ್ನು ಅನಂತಕಾಯವೆಂದೆಣಿಸುವ ನಮಗೆ ಇವು ತ್ಯಾಗಯೋಗ್ಯ.

ಆದರೆ ಇವನ್ನು ವಿಷವೆಂದು ಸಾರುವುದು ಸತ್ಯಾಣುವ್ರತಕ್ಕೆ ಸಲ್ಲದು. 1983ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಶಂಕಿಸಿದ್ದು ವಿಘಟಿತ ಕ್ಯಾರಗೀನನ್ನನ್ನು. ಆಹಾರದಲ್ಲಿ ಬಳಸುವುದರ ಬಗ್ಗೆ ನಿರ್ಣಯಕ್ಕೆ ಸಾಕ್ಷ್ಯ ಸಾಲದೆಂದಿತು. ಹೆಚ್ಚು ಎಚ್ಚರ ಬೇಕಾದುದು ಕೆಲ್ಪ್ ಎಂಬ ಪಾಚಿಯ ಮಾತ್ರೆಗಳಲ್ಲಿ. ವಯಸ್ಕರಿಗೆ ದಿನಕ್ಕೆ 150 ಮೈಕ್ರೋಗ್ರಾಂ ಅಯೋಡಿನ್ ಸಾಕು. ಅತಿಯಾದರೆ ಥೈರಾಯ್ಡ್ ಗ್ರಂಥಿ ಕೆಡಬಹುದು. ಉಪವಾಸದ ನಿಶ್ಶಕ್ತಿಗೆಂದು ಅವನ್ನು ಸೇವಿಸದಿರಿ.

ಧಾನ್ಯವನ್ನು ಶೋಧಿಸುವ ಶ್ರಾವಕರ ಕಣ್ಣು ಪೊಟ್ಟಣದ ಕಿರಿಯ ಅಕ್ಷರಗಳನ್ನೂ ಶೋಧಿಸಲಿ.