ನೆನೆದ ಹುಲ್ಲಿನ ಮೇಲೆ ಹಾರಲೊಲ್ಲೆನೆಂಬದು ಅಪನಂಬಿಕೆಯೋ?

ಸಂಕಟದಲ್ಲಿರುವ ನೆರೆಯವನಿಗೆ ಸಹಾಯಮಾಡಲು ಸಾಧನವುಳ್ಳವನು ‘ಇಂದು ಆಗದು’ ಎಂದು ಹೇಳಬಹುದೋ? ಹೇಳಿದರೆ ಅದು ಪ್ರೀತಿಯ ಕೊರತೆಯೋ, ವಿಶ್ವಾಸದ ಕೊರತೆಯೋ, ಇವೆರಡೂ ಅಲ್ಲವೋ? ಇದನ್ನು ಬರೀ ಮಾತಿನಿಂದ ವಿಚಾರಿಸಿದರೆ ಎರಡು ಪಕ್ಷದವರೂ ಸುಲಭವಾಗಿ ಗೆಲ್ಲುವರು. ಆದಕಾರಣ ನಿಜವಾದ ಒಂದು ಕಸಬನ್ನು ಹಿಡಿದು ನೋಡುವದು ಒಳ್ಳೇದು. ಪಪುವ ನ್ಯೂಗಿನಿ ದೇಶದ ಬೆಟ್ಟಗಳಲ್ಲಿ ಹುಲ್ಲುನೆಲದಿಂದ ಚಿಕ್ಕ ವಿಮಾನಗಳನ್ನು ಹಾರಿಸುವವರ ಕಸಬು ಇದಕ್ಕೆ ತಕ್ಕದ್ದಾಗಿದೆ.

ಆ ದೇಶದ ನಡುಭಾಗವು ಕಡಿದಾದ ಪರ್ವತಗಳಿಂದ ತುಂಬಿದ್ದು, ಅನೇಕ ಹಳ್ಳಿಗಳಿಗೆ ಇಂದಿಗೂ ಬಂಡಿಯ ದಾರಿಯಿಲ್ಲ. ಹೀಗಿರಲಾಗಿ ಊರವರು ಬೆಟ್ಟದ ಮಗ್ಗುಲನ್ನು ಕಡಿದು, ಬೇರು ಬೊಡ್ಡೆಗಳನ್ನು ಕಿತ್ತು, ವಿಮಾನ ಓಡುವ ಒಂದು ಪಟ್ಟಿಯನ್ನು ಸಿದ್ಧಮಾಡಿಕೊಳ್ಳುವರು. 1933ರಲ್ಲಿ ಚಿನ್ನ ಹುಡುಕುವದಕ್ಕೆ ಹೋಗಿದ್ದ ಲೇಹಿ ಸಹೋದರರು ಮೌಂಟ್ ಹೇಗನ್ ಎಂಬಲ್ಲಿ ಇಂಥ ನೆಲವನ್ನು ಮಾಡಿಸಿದಾಗ, ಆ ಸೀಮೆಯ ಜನರು ಸಾಲುಗಟ್ಟಿ ನಿಂತು, ಹಾಡುತ್ತಾ ಕುಣಿಯುತ್ತಾ ತಮ್ಮ ಕಾಲುಗಳಿಂದಲೇ ಮಣ್ಣನ್ನು ಗಟ್ಟಿಮಾಡಿದರು. ಕಣ ಮಾಡುವ ನಮ್ಮವರಿಗೆ ಆ ಕೆಲಸದ ಬೆಲೆ ತಿಳಿಯುವದು. ಕ್ರೈಸ್ತ ವೈಮಾನಿಕರು 1945ರಲ್ಲಿ ಒಂದು ಸಂಘವನ್ನು ಕೂಡಿಸಿದರು. ಯುದ್ಧಕಾಲದಲ್ಲಿ ವಿಮಾನ ನಡಿಸಿದ್ದ ಬೆಟ್ಟಿ ಗ್ರೀನ್ ಎಂಬ ಸಹೋದರಿಯು 1946ರ ಫೆಬ್ರವರಿಯಲ್ಲಿ ಮೆಕ್ಸಿಕೋ ದೇಶಕ್ಕೆ ಹಾರಿದ್ದೇ ಅದರ ಮೊದಲನೆಯ ಪ್ರಯಾಣ. ನ್ಯೂಗಿನಿಯಲ್ಲಿ ಈ ಸಂಘದ ಸೇವೆಯು 1951ರಲ್ಲಿ ಆರಂಭವಾಯಿತು.

ಅಲ್ಲಿಯ ಪಟ್ಟಿಗಳಲ್ಲಿ ಅನೇಕವು ಮನೆಯ ಮಾಡಿನಂತೆ ಓರೆಯಾಗಿವೆ. ವಿಮಾನವು ಏರಿನ ಕಡೆಗೆ ಇಳಿಯಬೇಕು, ಇಳಿಜಾರಿನ ಕಡೆಗೆ ಹಾರಬೇಕು. ಮೇಲುತುದಿಯಲ್ಲಿ ಪರ್ವತವೇ ಗೋಡೆಯಂತೆ ನಿಂತಿರುವದರಿಂದ, ಇಳಿಯಲು ಬರುವವನು ಒಂದು ಗುರುತನ್ನು ದಾಟಿದ ಮೇಲೆ ತಿರುಗಿಕೊಳ್ಳುವ ಹಾಗಿಲ್ಲ. ಮಧ್ಯಾಹ್ನಕ್ಕೆ ಮೋಡಗಳು ಕಣಿವೆಗಳನ್ನು ಮುಚ್ಚುವದರಿಂದ ಹೆಚ್ಚು ಕೆಲಸ ಬೆಳಿಗ್ಗೆಯೇ ಆಗತಕ್ಕದ್ದು. ಹುಲ್ಲನ್ನು ಊರವರೇ ಕತ್ತಿಗಳಿಂದ ಸವರುವರು. ಹಂದಿಗಳನ್ನು ಓಡಿಸುವದೂ ಅವರ ಕೆಲಸವೇ.

ಈಗ ಹುಲ್ಲಿನ ಲೆಕ್ಕವನ್ನು ಕೇಳಿರಿ. ಬ್ರಿಟಿಷ್ ವಿಮಾನ ಇಲಾಖೆಯು ಚಿಕ್ಕ ವಿಮಾನಗಳನ್ನು ಹಾರಿಸುವವರಿಗೆ ಕೊಟ್ಟಿರುವ ಬುದ್ಧಿವಾದದ ಪ್ರಕಾರ, ಗಟ್ಟಿ ನೆಲದಲ್ಲಿ ಹಾರುವದಕ್ಕೆ ಬೇಕಾಗುವ ದೂರವು ಒಣಹುಲ್ಲಿನ ಮೇಲೆ ನೂರಕ್ಕೆ 20ರಷ್ಟು, ನೆನೆದ ಹುಲ್ಲಿನ ಮೇಲೆ 30ರಷ್ಟು ಹೆಚ್ಚುವದು. ಭಾರವು ನೂರಕ್ಕೆ 10ರಷ್ಟು ಹೆಚ್ಚಾದರೆ ದೂರವು 20ರಷ್ಟು ಹೆಚ್ಚುವದು. ಸೆಕೆಯು 10 ಡಿಗ್ರಿ ಏರಿದರೆ ಇನ್ನೂ 10ರಷ್ಟು. ಇವುಗಳನ್ನು ಕೂಡಿಸುವದಲ್ಲ, ಒಂದರಿಂದ ಇನ್ನೊಂದನ್ನು ಗುಣಿಸಬೇಕು. ಹೀಗೆ 300 ಮೀಟರು ಸಾಕೆಂದು ಪುಸ್ತಕವು ಹೇಳುವ ವಿಮಾನಕ್ಕೆ ಈ ಭಾರ, ನೆನೆದ ಹುಲ್ಲು, ಸೆಕೆ ಮೂರೂ ಸೇರಿದರೆ 515 ಮೀಟರು ಬೇಕಾಗುವದು. ಇದರ ಮೇಲೆ ತಿಳಿಯದಿರುವವುಗಳಿಗೋಸ್ಕರ ಮೂರರಲ್ಲಿ ಒಂದು ಪಾಲನ್ನು ಮಿಗಿಸಿಡಬೇಕೆಂದು ಅದೇ ಬುದ್ಧಿವಾದವು ಹೇಳುವದರಿಂದ, ಒಟ್ಟಿಗೆ 685 ಮೀಟರು. ಇನ್ನು ಇಳಿಯುವಾಗಲಾದರೋ, ಗಿಡ್ಡವಾಗಿ ಕೊಯ್ದ ಹುಲ್ಲು ನೆನೆದರೆ ಪಾಚಿಯಂತೆ ಜಾರುವದು, ಚಕ್ರಗಳನ್ನು ಹಿಡಿದರೂ ವಿಮಾನ ನಿಲ್ಲಲೊಲ್ಲದು.

ಈ ಪಟ್ಟಿಯ ಮೇಲೆ ರಾತ್ರಿಯೆಲ್ಲಾ ಮಳೆ ಸುರಿದ ಒಂದು ಬೆಳಿಗ್ಗೆಯನ್ನು ಮನಸ್ಸಿನಲ್ಲಿ ತಂದುಕೊಳ್ಳಿರಿ. ಹೆರಿಗೆಯಾಗದೆ ಕಷ್ಟಪಡುವ ಸ್ತ್ರೀಯನ್ನು ಡೋಲಿಯಲ್ಲಿ ಹೊತ್ತು ತಂದಿದ್ದಾರೆ. ಗಂಡನೂ ತಾಯಿಯೂ ಸಂಗಡ ಬರಬೇಕೆಂದು ಬೇಡುತ್ತಾರೆ. ವೈಮಾನಿಕನು ಹಿಮ್ಮಡಿಯಿಂದ ನೆಲವನ್ನು ಒತ್ತಿ, ನೀರು ಮೇಲಕ್ಕೆ ಬಂದದ್ದನ್ನು ನೋಡಿ, ‘ಈಗ ಆಗದು’ ಅನ್ನುತ್ತಾನೆ. ಆಗ ಯಾರಾದರೂ, ‘ಅಯ್ಯಾ, ನಿನಗೆ ದೇವರಲ್ಲಿ ಭರವಸೆಯಿಲ್ಲವೋ?’ ಎಂದು ಕೇಳದೆ ಇರರು.

ಆ ಮಾತನ್ನು ಕೇಳುವಾಗ ನನಗೆ ದೇವಾಲಯದ ಶಿಖರದ ಮೇಲೆ ನಮ್ಮ ಕರ್ತನಿಗೆ ಬಂದ ಶೋಧನೆಯು ನೆನಪಿಗೆ ಬರುತ್ತದೆ. ಅಲ್ಲಿಂದ ಧುಮುಕೆಂದು ಹೇಳಿದವನು ವಿಶ್ವಾಸದ ಮಾತುಗಳನ್ನೇ ಉಪಯೋಗಿಸಿದನು, ಕರ್ತನು ಧುಮುಕಲಿಲ್ಲ. ಅಂತು ‘ಆಗದು’ ಎಂಬ ಮಾತು ತಾನಾಗಿಯೇ ಅಪನಂಬಿಕೆಯಲ್ಲ. ಆದರೆ ಇಷ್ಟರಿಂದ ಪ್ರಶ್ನೆಯು ಮುಗಿಯಲಿಲ್ಲ, ಯಾಕಂದರೆ ಅಂಜುಬುರುಕನೂ ಮೈಗಳ್ಳನೂ ಇದೇ ವಾಕ್ಯದ ಹಿಂದೆ ಅಡಗಿಕೊಳ್ಳಬಹುದು.

ಇವರನ್ನು ಬೇರೆಬೇರೆಯಾಗಿ ತಿಳಿಯುವದು ಹೇಗೆ? ಹುಲ್ಲುನೆಲದ ವೈಮಾನಿಕರಲ್ಲಿ ಒಂದು ವಾಡಿಕೆಯುಂಟು. ಓಡಲು ತೊಡಗುವದಕ್ಕೆ ಮುಂಚೆಯೇ ಪಟ್ಟಿಯ ನಡುವೆ ಒಂದು ಗುರುತನ್ನು ನೋಡಿಟ್ಟುಕೊಂಡು, ಅಲ್ಲಿಗೆ ಬರುವಾಗ ನೆಲಬಿಡತಕ್ಕ ವೇಗದಲ್ಲಿ ನೂರಕ್ಕೆ 70ರಷ್ಟು ಬಾರದಿದ್ದರೆ ಓಟವನ್ನು ನಿಲ್ಲಿಸಿಬಿಡುವರು. ಮನಸ್ಸು ಶಾಂತವಾಗಿರುವಾಗ ಮಾಡಿದ ನಿಶ್ಚಯವು ಅದು; ಯಂತ್ರವು ಗರ್ಜಿಸುವಾಗ ತೋಚುವ ಆಶೆಯನ್ನು ಅವರು ನಂಬರು. ರೋಗಿಯ ಮುಖವನ್ನು ನೋಡುವದಕ್ಕೆ ಮುಂಚೆಯೇ ಇದ್ದ ಅಳತೆಯನ್ನು ಬಡವನಿಗೂ ಅಧಿಕಾರಿಗೂ ಒಂದೇ ತರವಾಗಿ ಹಿಡಿಯುವವನು ಅಂಜುಬುರುಕನಲ್ಲ. ಅಧಿಕಾರಿಗೆ ಸಡಿಲಿಸಿ ವಿಧವೆಗೆ ಬಿಗಿಮಾಡಿದವನಾದರೋ ಅಳತೆಯನ್ನು ಹಿಡಿದವನೇ ಅಲ್ಲ.

‘ಮಿಗಿಸಿಟ್ಟ ಆ ಮೂರರಲ್ಲಿ ಒಂದು ಪಾಲನ್ನು ಸಾಯುವವಳಿಗೋಸ್ಕರ ಖರ್ಚುಮಾಡಬಾರದೋ? ಅದು ಇರುವದು ಇಂಥ ದಿನಕ್ಕಲ್ಲವೇ?’ ಎಂದು ಕೇಳಿದರೆ ನಾನು ಬೇಗ ಉತ್ತರಕೊಡಲಾರೆನು. ಒಬ್ಬನೇ ಹಾರುವದಾದರೆ ತನ್ನ ಪ್ರಾಣವನ್ನು ಸ್ನೇಹಿತರಿಗೋಸ್ಕರ ಅಪಾಯಕ್ಕೆ ಒಡ್ಡುವದು ಅವನ ಇಷ್ಟ, ಅದನ್ನು ನಾವು ಹೊಗಳಲೂಬಹುದು. ಇಲ್ಲಿಯಾದರೋ ಅಪಾಯವು ಆ ಸ್ತ್ರೀಗೂ ಹುಟ್ಟದ ಕೂಸಿಗೂ ಉಂಟು. ವಿಮಾನವು ಮುರಿದರೆ ಅದನ್ನೇ ಕಾಯುವ ಬೇರೆ ಕಣಿವೆಗಳ ರೋಗಿಗಳಿಗೂ ಉಂಟು. ಅವಳ ವೇದನೆಯಿಂದ ಹುಲ್ಲು ಒಣಗದು. ಆ ಪಾಲು ವೈಮಾನಿಕನ ಆಸ್ತಿಯಲ್ಲ, ಅವನ ಅಜ್ಞಾನಕ್ಕೆ ಕಟ್ಟಿದ ಬೇಲಿ ಎಂದೇ ನನ್ನ ಅಭಿಪ್ರಾಯ.

ಹಾಗಾದರೆ ಪ್ರೀತಿಗೆ ಸ್ಥಳವೆಲ್ಲಿ? ತಕ್ಕಡಿಯಲ್ಲಿ. ಅಲ್ಲಿ ಓಡಾಡುವ ಸೆಸ್ನಾ 206 ಎಂಬ ವಿಮಾನವು ಹೆಚ್ಚೆಂದರೆ ಸುಮಾರು 1,630 ಕಿಲೋ ತೂಗಬಹುದು. ಕಾಫಿಯ ಮೂಟೆಗಳನ್ನು ಇಳಿಸಿ, ಗಂಡನನ್ನು ಎರಡನೆಯ ಸಾರಿಗೆ ಬಿಟ್ಟು, ಮುಂದಿನ ಊರಿಗೆ ಬೇಕಾದಷ್ಟು ಎಣ್ಣೆಯನ್ನೂ ಮೀಸಲನ್ನೂ ಮಾತ್ರ ಇಟ್ಟುಕೊಂಡರೆ, 150 ಕಿಲೋ ಕಡಿಮೆಯಾಗಿ ಪಟ್ಟಿಯು ಸಾಕಾಗಬಹುದು. ಎರಡು ತಾಸು ಬಿಸಿಲು ಬಿದ್ದರೆ ನೆಲವು ಬದಲಾಗಬಹುದು. ಎಕ್ವಡಾರ್ ದೇಶದಲ್ಲಿ ನೇಟ್ ಸೇಂಟ್ ಎಂಬವರು 1955ರಲ್ಲಿ, ಇಳಿಯಲಾಗದ ಕಾಡಿನ ಮೇಲೆ ಸುತ್ತುತ್ತಾ, ಉದ್ದವಾದ ಹಗ್ಗಕ್ಕೆ ಬುಟ್ಟಿಯನ್ನು ಕಟ್ಟಿ ಇಳಿಬಿಟ್ಟರು. ವಿಮಾನವು ಸುತ್ತುತ್ತಿದ್ದರೂ ಬುಟ್ಟಿಯು ನಡುವೆ ಹೆಚ್ಚುಕಡಿಮೆ ಅಲುಗದೆ ನಿಲ್ಲುತ್ತಿತ್ತು. ಹಾರುವೆನು, ಹಾರೆನು ಎಂಬೆರಡರ ನಡುವೆ ಇಷ್ಟು ದಾರಿಗಳುಂಟು. ಇವುಗಳನ್ನು ಹುಡುಕದೆ ‘ಆಗದು’ ಅನ್ನುವವನನ್ನು ನಾನು ನಿರಪರಾಧಿಯೆನ್ನಲಾರೆನು.

ಇನ್ನೊಂದು ಮಾತು ಊರವರಿಗೆ. ಪಟ್ಟಿಯ ಅಂಚಿನ ಚರಂಡಿಯು ಹೂಳಿಹೋಗಿದ್ದರೆ ಮಳೆಯ ನೀರು ನಡುವೆಯೇ ನಿಲ್ಲುವದು. ಆ ಬೆಳಿಗ್ಗೆ ವೈಮಾನಿಕನ ಬಾಯಿಂದ ಬಂದ ಮಾತು, ಗುದ್ದಲಿ ಹಿಡಿಯತಕ್ಕವರು ಮೂರು ತಿಂಗಳ ಹಿಂದೆ ಮನೆಯಲ್ಲಿ ಕೂತಾಗಲೇ ಅರ್ಧ ಹೇಳಲ್ಪಟ್ಟಿತ್ತು. ಡೋಲಿಯ ಬಳಿಯಲ್ಲಿ ಅವರೇ ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದರೂ ಕೂಗಬಹುದು.

ಎಲ್ಲಾ ದಾರಿಗಳನ್ನು ಹುಡುಕಿದರೂ ಆ ಸ್ತ್ರೀಯು ಸಂಜೆಯೊಳಗೆ ತೀರಿಕೊಂಡರೆ? ವೈಮಾನಿಕನು ಅಳಬೇಕು, ಆ ಮನೆಗೆ ಹೋಗಿ ಕೂತುಕೊಳ್ಳಬೇಕು. ಆದರೆ ದುಃಖವನ್ನು ಪಾಪದ ಅರಿವೆಂದು ತಪ್ಪಾಗಿ ತಿಳಿದು, ಮುಂದಿನ ಸಾರಿ ಲೆಕ್ಕವನ್ನು ಬಿಟ್ಟು ಹಾರುವೆನೆಂದು ಹರಕೆ ಮಾಡಬಾರದು. ಮರುದಿನ ಬೆಳಿಗ್ಗೆ ಬೇರೆ ಹಳ್ಳಿಯಿಂದ ಕರೆಬಂದಾಗ ಅವನು ಮತ್ತೆ ನಡೆದುಕೊಂಡು ಹೋಗಿ, ಅದೇ ಹಿಮ್ಮಡಿಯಿಂದ ನೆಲವನ್ನು ಒತ್ತಿ ನೋಡಲಿ.