ಮಡಕೆಯಲ್ಲಿಟ್ಟ ಕ್ರಯಪತ್ರ

ಲೆಕ್ಕಪರಿಶೋಧನೆಯ ಕಸುಬಿಗೆ ಸೇರಿದವರಿಗೆ ಮೊದಲ ವರ್ಷವೇ ಒಂದು ಅಭ್ಯಾಸ ಅಂಟಿಕೊಳ್ಳುತ್ತದೆ. ಯಾವ ಕಾಗದ ಕೈಗೆ ಬಂದರೂ ಮೊದಲು ತಾರೀಖು ನೋಡುತ್ತೇವೆ, ಆಮೇಲೆ ಮೊತ್ತ, ಆಮೇಲೆ ಸಹಿ. ಚರ್ಚಿಗೆ ಹೋದಾಗಲೂ ಈ ಅಭ್ಯಾಸ ನನ್ನನ್ನು ಬಿಡುವುದಿಲ್ಲ. ದುಬೈನಲ್ಲಿ ನಾವು ಬಹಳ ಕಾಲ ಆರಾಧನೆಗೆ ಕೂಡುತ್ತಿದ್ದುದು ಶುಕ್ರವಾರ. 2022ರಲ್ಲಿ ಇಲ್ಲಿನ ವಾರದ ರಜೆ ಬದಲಾದ ಮೇಲೆ ಭಾನುವಾರ ಕೂಡುತ್ತೇವೆ. ವಾರ ಯಾವುದಾದರೂ ಪ್ರಸಂಗದಲ್ಲಿ ಮತ್ತೆ ಮತ್ತೆ ಕೇಳಿಬರುವ ವಾದ ಒಂದಿದೆ: ಹಳೆಯ ಒಡಂಬಡಿಕೆಯ ಪ್ರವಾದಿಗಳು ನೂರಾರು ವರ್ಷ ಮುಂಚೆ ಹೇಳಿದ್ದೆಲ್ಲ ನೆರವೇರಿದೆ, ಆದ್ದರಿಂದ ನಂಬಿರಿ. ನಂಬುವವರಲ್ಲಿ ನಾನೂ ಒಬ್ಬ. ಆದರೆ ಆ ‘ಆದ್ದರಿಂದ’ ಎಂಬ ಪದ ಎಷ್ಟು ಭಾರ ತಡೆಯುತ್ತದೆ ಎಂದು ನೋಡಬೇಕೆನಿಸುತ್ತದೆ.

ಪ್ರವಾದನೆ ಎಂದ ಕೂಡಲೇ ಕನ್ನಡಿಗರ ಮನಸ್ಸಿಗೆ ಬರುವುದು ಭವಿಷ್ಯ. ಮೈಲಾರದ ಜಾತ್ರೆಯಲ್ಲಿ ಗೊರವಯ್ಯ ಬಿಲ್ಲನ್ನೇರಿ ನುಡಿಯುವ ಒಂದೇ ಸಾಲಿನ ಕಾರಣಿಕದಲ್ಲಿ ಮಳೆ, ಬೆಳೆ, ರಾಜಕೀಯ ಎಲ್ಲವನ್ನೂ ಹುಡುಕುವವರು ನಾವು. ಹೀಬ್ರೂ ಪ್ರವಾದಿಗಳೂ ಮುಂದಾಗುವುದನ್ನು ಹೇಳಿದರು. ಆದರೆ ಅವರ ಪುಸ್ತಕಗಳಲ್ಲಿ ಅಂದಿನ ಜನಕ್ಕೆ, ಅಂದಿನ ಅನ್ಯಾಯಕ್ಕೆ ಹೇಳಿದ ಮಾತೇ ಹೆಚ್ಚು. ಆಮೋಸನು ತಕ್ಕಡಿಯಲ್ಲಿ ಮೋಸ ಮಾಡುವ ಧಾನ್ಯದ ವ್ಯಾಪಾರಿಗಳನ್ನು ಬೈಯುತ್ತಾನೆ. ಯೆಶಾಯನು ಹೊಲದ ಮೇಲೆ ಹೊಲ ಕಬಳಿಸುವವರನ್ನು ಬೈಯುತ್ತಾನೆ.

ಮೊದಲು ತಾರೀಖಿನ ವಿಷಯ. ಕ್ರೈಸ್ತರು ಬಹಳವಾಗಿ ನೆಚ್ಚುವ ಪ್ರವಾದನೆ ಯೆಶಾಯನ 53ನೇ ಅಧ್ಯಾಯ. ಬೇರೆಯವರ ಅಪರಾಧಕ್ಕಾಗಿ ಗಾಯಗೊಂಡು, ಬಾಯಿ ತೆರೆಯದೆ ಸತ್ತ ಒಬ್ಬ ಸೇವಕನ ಚಿತ್ರ ಅಲ್ಲಿದೆ. ಓದುವಾಗ ಯೇಸುವಿನ ಶಿಲುಬೆ ಕಣ್ಣಮುಂದೆ ಬರುತ್ತದೆ. ಇದನ್ನು ಕ್ರೈಸ್ತರೇ ಆಮೇಲೆ ಸೇರಿಸಿರಬಹುದೇ ಎಂಬುದು ಪರಿಶೋಧಕನ ಮೊದಲ ಅನುಮಾನ. 1947ರ ಸುಮಾರಿಗೆ ಮೃತ ಸಮುದ್ರದ ಬಳಿ ಕುಮ್ರಾನ್‌ನ ಗುಹೆಯಲ್ಲಿ ಬೆದೂಯಿನ್ ಕುರಿಗಾಹಿಗಳಿಗೆ ಸಿಕ್ಕ ಸುರುಳಿಗಳಲ್ಲಿ ಯೆಶಾಯನ ಪುಸ್ತಕ ಹೆಚ್ಚುಕಡಿಮೆ ಇಡಿಯಾಗಿ ಇತ್ತು. ಏಳು ಮೀಟರಿಗೂ ಉದ್ದನೆಯ ಆ ಚರ್ಮದ ಸುರುಳಿ ಕ್ರಿಸ್ತಪೂರ್ವ 2ನೇ ಶತಮಾನದ್ದೆಂದು ವಿದ್ವಾಂಸರು ಗುರುತಿಸಿದ್ದಾರೆ. ಅದುವರೆಗೆ ತಿಳಿದಿದ್ದ ಪೂರ್ಣ ಹೀಬ್ರೂ ಪ್ರತಿಗಳಿಗಿಂತ ಅದು ಸುಮಾರು ಸಾವಿರ ವರ್ಷ ಹಳೆಯದು. 53ನೇ ಅಧ್ಯಾಯ ಅದರಲ್ಲಿದೆ. ತಾರೀಖು ತಿದ್ದಿದ ದಾಖಲೆ ಎಂಬ ಅನುಮಾನ ಅಲ್ಲಿಗೆ ತೀರಿತು.

ಆದರೆ ಇಷ್ಟಕ್ಕೇ ಕಡತ ಮುಚ್ಚುವಂತಿಲ್ಲ. ಆ ಸೇವಕ ಎಂದರೆ ಸಂಕಟಪಟ್ಟ ಇಸ್ರಾಯೇಲ್ ಜನಾಂಗವೇ ಎಂಬುದು ಯೆಹೂದ್ಯರ ಪ್ರಮುಖ ವ್ಯಾಖ್ಯಾನ. ಅದಕ್ಕೆ ಆಧಾರ ಅದೇ ಪುಸ್ತಕದ ಹಿಂದಿನ ಅಧ್ಯಾಯಗಳಲ್ಲಿದೆ. ಇನ್ನು ಸುವಾರ್ತೆಗಳನ್ನು ಬರೆದವರು ಯೆಶಾಯನನ್ನು ಚೆನ್ನಾಗಿ ಬಲ್ಲವರು. ಯೇಸುವಿನ ಮರಣವನ್ನು ಆ ಮಾತುಗಳ ಬೆಳಕಿನಲ್ಲೇ ನೋಡಿದವರು. ಎರಡು ಸಾಕ್ಷ್ಯಗಳು ಒಂದಕ್ಕೊಂದು ಸಂಬಂಧವಿಲ್ಲದ ಮೂಲಗಳಿಂದ ಬಂದಾಗ ಅವಕ್ಕೆ ತೂಕ ಹೆಚ್ಚು ಎಂಬುದು ನಮ್ಮ ಕಸುಬಿನ ನಿಯಮ. ಇಲ್ಲಿ ಆ ಬಿಡುವು ಇಲ್ಲ. ಹಾಗಾಗಿ ನಂಬದವರ ಬಾಯಿ ಮುಚ್ಚಿಸುವ ಪುರಾವೆಯಾಗಿ ಪ್ರವಾದನೆಯನ್ನು ಬಳಸಹೊರಟರೆ ಅದು ಅಷ್ಟು ಭಾರ ತಡೆಯುವುದಿಲ್ಲ.

ತಡೆಯದ ಭಾರ ಹೊರಿಸಿದಾಗ ಆಗುವ ನಷ್ಟ ದೊಡ್ಡದು. ಅಮೆರಿಕದ ವಿಲಿಯಂ ಮಿಲ್ಲರ್ ದಾನಿಯೇಲನ ಪುಸ್ತಕದಿಂದ ಲೆಕ್ಕ ಹಾಕಿ ಕ್ರಿಸ್ತನ ಪುನರಾಗಮನ ಹತ್ತಿರವಾಯಿತೆಂದು ಸಾರಿದ. 1844ರ ಅಕ್ಟೋಬರ್ 22ರಂದು ಸಾವಿರಾರು ಜನ ಕಾದು ಕೂತರು. ಮಾರನೆಯ ದಿನ ಎಂದಿನಂತೆ ಬೆಳಗಾಯಿತು. ಆ ಪ್ರಸಂಗಕ್ಕೆ ಚರಿತ್ರೆಯಲ್ಲಿ ‘ಮಹಾ ನಿರಾಶೆ’ ಎಂದೇ ಹೆಸರು. 2011ರಲ್ಲಿ ರೇಡಿಯೋ ಬೋಧಕ ಹೆರಾಲ್ಡ್ ಕ್ಯಾಂಪಿಂಗ್ ಮೇ 21 ಎಂದ. ಅದು ತಪ್ಪಿದಾಗ ಅಕ್ಟೋಬರ್ 21 ಎಂದ. ಅವನನ್ನು ನಂಬಿದ ಕೆಲವರು ಕೆಲಸ ಬಿಟ್ಟಿದ್ದರು, ಉಳಿತಾಯ ಖರ್ಚು ಮಾಡಿದ್ದರು.

ಇದು ನಮ್ಮ ನಡುವೆ ಸಣ್ಣ ಪ್ರಮಾಣದಲ್ಲಿ ನಡೆಯುತ್ತಲೇ ಇರುತ್ತದೆ. 2020ರಲ್ಲಿ ನಮ್ಮ ಸಭೆಯ ಸಹೋದರರೊಬ್ಬರು ಕೆಲಸ ಕಳೆದುಕೊಂಡರು. ಫೋನಿನಲ್ಲಿ ಪ್ರಾರ್ಥಿಸಿದ ಬೋಧಕರೊಬ್ಬರು, ಎರಡು ತಿಂಗಳಲ್ಲಿ ಇದಕ್ಕಿಂತ ದೊಡ್ಡ ಕೆಲಸ ಸಿಗುತ್ತದೆಂದು ದೇವರ ಹೆಸರಿನಲ್ಲಿ ಹೇಳಿದರು. ಇಲ್ಲಿ ಮನೆ ಬಾಡಿಗೆಗೆ ಮುಂದಿನ ತಾರೀಖಿನ ಚೆಕ್ಕುಗಳನ್ನು ಮೊದಲೇ ಬರೆದುಕೊಡುವ ಪದ್ಧತಿ. ಅವರು ಆ ಮಾತನ್ನು ನೆಚ್ಚಿ ಫ್ಲ್ಯಾಟ್ ಬಿಡಲಿಲ್ಲ, ಹೆಂಡತಿ ಮಕ್ಕಳನ್ನು ಊರಿಗೆ ಕಳಿಸಲಿಲ್ಲ. ಆರನೆಯ ತಿಂಗಳು ಸಾಲ ಹೊತ್ತುಕೊಂಡು ಇಡೀ ಕುಟುಂಬ ವಿಮಾನ ಹತ್ತಿತು. ಸಾಲ ಹೇಗೋ ತೀರಿತು. ಅವರ ಮಗಳು ಮಾತ್ರ ಆಮೇಲೆ ಚರ್ಚಿಗೆ ಕಾಲಿಡಲಿಲ್ಲ. “ದೇವರು ಸುಳ್ಳು ಹೇಳಿದ್ದಾ, ಇಲ್ಲ ಆ ಅಂಕಲ್ ಸುಳ್ಳು ಹೇಳಿದ್ದಾ, ಅದನ್ನು ಹೇಳಿ ಪಪ್ಪಾ” ಎಂದು ಕೇಳಿದಳಂತೆ.

ಆ ಹುಡುಗಿ ಕೇಳಿದ ಪ್ರಶ್ನೆ ಸತ್ಯವೇದದ ಒಳಗೇ ಇದೆ. ಕ್ರಿಸ್ತಪೂರ್ವ 597ರಲ್ಲಿ ಬಾಬೆಲಿನ ನೆಬೂಕದ್ನೆಚ್ಚರನು ಯೆರೂಸಲೇಮನ್ನು ಗೆದ್ದು, ಅರಸನನ್ನೂ ಕುಶಲ ಕೆಲಸಗಾರರನ್ನೂ ಸೆರೆ ಒಯ್ದ. ಹನನ್ಯನೆಂಬ ಪ್ರವಾದಿ ದೇವಾಲಯದಲ್ಲಿ ಎಲ್ಲರ ಮುಂದೆ, ಎರಡು ವರ್ಷದೊಳಗೆ ಎಲ್ಲರೂ ಹಿಂದಿರುಗುವರು ಎಂದ. ಯೆರೆಮೀಯ ಅಲ್ಲೇ ಇದ್ದ. ಅವನು ಮೊದಲು ಹೇಳಿದ್ದು ಆಮೆನ್, ಹಾಗೇ ಆಗಲಿ ಎಂದು. ಅವನಿಗೂ ಇದ್ದದ್ದು ಅದೇ ಆಸೆ. ಆದರೆ ತನ್ನ ಆಸೆಯನ್ನು ದೇವರ ಮಾತೆಂದು ಹೇಳಲು ಅವನು ಒಪ್ಪಲಿಲ್ಲ. ಸೆರೆ ಹೋದವರಿಗೆ ಅವನು ಬರೆದ ಪತ್ರದ ಸಾರ ಇಷ್ಟು: ಅಲ್ಲೇ ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಮಕ್ಕಳ ಮದುವೆ ಮಾಡಿ, ನೀವಿರುವ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿ, ಹಿಂದಿರುಗುವುದಕ್ಕೆ 70 ವರ್ಷ ಹಿಡಿಯುತ್ತದೆ.

ಪರದೇಶದಲ್ಲಿ ದುಡಿಯುವ ನಮಗೆ ಈ ಪತ್ರ ಬಹಳ ಪ್ರಿಯ. ಮುಂದೆ ಒಳ್ಳೆಯದಾಗುವುದೆಂಬ ನಿರೀಕ್ಷೆಯ ವಾಗ್ದಾನ ಇದರದ್ದೇ. ನಮ್ಮಲ್ಲಿ ಅನೇಕರ ಗೋಡೆಯ ಕ್ಯಾಲೆಂಡರಿನಲ್ಲಿ ಅದು ಅಚ್ಚಾಗಿದೆ. ಅದರ ಹಿಂದಿನ ವಚನದಲ್ಲಿರುವ 70 ವರ್ಷವನ್ನು ಯಾರೂ ಅಚ್ಚು ಹಾಕಿಸುವುದಿಲ್ಲ. ಎಪ್ಪತ್ತೆಂದರೆ ಒಂದು ಆಯುಸ್ಸು. ಪತ್ರ ಓದಿಸಿ ಕೇಳಿದ ದೊಡ್ಡವರಲ್ಲಿ ಬಹುಪಾಲು ಜನ ಬಾಬೆಲಿನಲ್ಲೇ ಮಣ್ಣಾಗಬೇಕು. ಕ್ರಿಸ್ತಪೂರ್ವ 539ರಲ್ಲಿ ಪಾರಸಿಯ ಕೋರೆಷನು ಬಾಬೆಲನ್ನು ಗೆದ್ದ ಮೇಲೆ ಹಿಂದಿರುಗುವ ದಾರಿ ತೆರೆಯಿತು. ಪತ್ರದಿಂದ ಎಣಿಸಿದರೆ 60 ವರ್ಷವೂ ಆಗುವುದಿಲ್ಲ. 586ರಲ್ಲಿ ದೇವಾಲಯ ಬಿದ್ದಲ್ಲಿಂದ 516ರಲ್ಲಿ ಮತ್ತೆ ಎದ್ದವರೆಗೆ ಎಣಿಸಿದರೆ 70. ಇದನ್ನು ಪೈಸೆ ಲೆಕ್ಕ ಮಾಡುವುದಕ್ಕಿಂತ ದುಂಡು ಸಂಖ್ಯೆಯಾಗಿ ಓದುವುದು ಸರಿ ಎನಿಸುತ್ತದೆ.

ಹನನ್ಯ ಸುಳ್ಳಾದ, ಸರಿ. ನಿಜವಾದ ಪ್ರವಾದಿಗಳ ಮಾತೆಲ್ಲ ಹೇಳಿದ ಹಾಗೇ ನಡೆಯಿತೇ? ನೆಬೂಕದ್ನೆಚ್ಚರನು ತೂರ್ ಪಟ್ಟಣವನ್ನು ನಾಶಮಾಡಿ ಕೊಳ್ಳೆ ಹೊಡೆಯುವನೆಂದು ಯೆಹೆಜ್ಕೇಲ ಹೇಳಿದ. ಕೆಲವು ಅಧ್ಯಾಯಗಳ ನಂತರ ಅದೇ ಪುಸ್ತಕ, ಆ ಅರಸನ ಸೈನ್ಯ ತೂರಿನ ಮುಂದೆ ಬೆವರು ಸುರಿಸಿದರೂ ಕೂಲಿ ಸಿಗಲಿಲ್ಲ ಎಂದು ದಾಖಲಿಸುತ್ತದೆ. ಹಳೆಯ ನಮೂದನ್ನು ಯಾರೂ ಅಳಿಸಲಿಲ್ಲ. 40 ದಿನದಲ್ಲಿ ನಿನೆವೆ ಅಳಿಯುವುದೆಂದು ಯೋನ ಸಾರಿದ. ಜನ ಪಶ್ಚಾತ್ತಾಪಪಟ್ಟರು, ನಿನೆವೆ ಉಳಿಯಿತು, ಪ್ರವಾದಿ ಮುನಿಸಿಕೊಂಡು ಊರಾಚೆ ಕೂತ. ಪರಿಶೋಧಕ ಒಂದು ಕಂಪನಿಯ ವರದಿಯಲ್ಲಿ, ಹೀಗೇ ನಡೆದರೆ ಇದು ಮುಂದಿನ ವರ್ಷ ಉಳಿಯುವುದು ಅನುಮಾನ ಎಂದು ಬರೆಯುತ್ತಾನೆ. ಮಾಲೀಕರು ಎಚ್ಚೆತ್ತು ಖರ್ಚು ತಗ್ಗಿಸಿ, ಬಂಡವಾಳ ತಂದು, ಕಂಪನಿ ಉಳಿದರೆ ಆ ವರದಿಯನ್ನು ಸುಳ್ಳೆನ್ನುತ್ತೇವೆಯೇ? ಅಳಿಸಲು ಅವಕಾಶವಿದ್ದೂ ಅಳಿಸದ ಪುಸ್ತಕವನ್ನು ಕಂಡರೆ ನನ್ನ ಕಸುಬಿನವರಿಗೆ ಗೌರವ ಹುಟ್ಟುತ್ತದೆ.

ಆದರೂ ನನ್ನ ನಂಬಿಕೆಗೆ ಅತ್ಯಂತ ಬಲ ಕೊಟ್ಟದ್ದು ಯೆರೆಮೀಯನ 32ನೇ ಅಧ್ಯಾಯ. ಬಾಬೆಲಿನ ಸೈನ್ಯ ಯೆರೂಸಲೇಮನ್ನು ಮುತ್ತಿದೆ. ಊರು ಬೀಳುತ್ತದೆಂದು ಹೇಳಿದ್ದಕ್ಕೆ ಯೆರೆಮೀಯ ಕಾವಲಿನವರ ಅಂಗಳದಲ್ಲಿ ಬಂದಿ. ಆಗ ಅವನ ಚಿಕ್ಕಪ್ಪನ ಮಗ ಹನಮೇಲ ಬಂದು ಅನಾತೋತಿನ ಹೊಲವನ್ನು ಕೊಂಡುಕೋ ಎನ್ನುತ್ತಾನೆ. ಶತ್ರುವಿನ ಕೈಗೆ ಹೋಗುತ್ತಿರುವ ಭೂಮಿಗೆ ಮಾರುಕಟ್ಟೆಯಲ್ಲಿ ಏನು ಬೆಲೆ? ಯೆರೆಮೀಯ 17 ಶೆಕೆಲ್ ಬೆಳ್ಳಿ ತೂಗಿಕೊಟ್ಟ. ಕ್ರಯಪತ್ರಕ್ಕೆ ಸಹಿ, ಮುದ್ರೆ, ಸಾಕ್ಷಿಗಳು. ಮುಚ್ಚಿದ ಪ್ರತಿ ಒಂದು, ತೆರೆದ ಪ್ರತಿ ಒಂದು. ಎರಡನ್ನೂ ಬಾರೂಕನ ಕೈಗೆ ಕೊಟ್ಟು, ಬಹುಕಾಲ ಉಳಿಯುವಂತೆ ಮಣ್ಣಿನ ಮಡಕೆಯಲ್ಲಿಡಲು ಹೇಳಿದ. ಈ ದೇಶದಲ್ಲಿ ಮತ್ತೆ ಮನೆ, ಹೊಲ, ದ್ರಾಕ್ಷಿತೋಟಗಳ ಕ್ರಯವಿಕ್ರಯ ನಡೆಯುತ್ತದೆ ಎಂಬುದೇ ಆ ವ್ಯವಹಾರದ ಪ್ರವಾದನೆ. ಆಮೇಲೆ ಜನ ಅವನನ್ನು ಐಗುಪ್ತಕ್ಕೆ ಕರೆದೊಯ್ದರು. ಆ ಹೊಲದ ಒಂದು ತೆನೆಯನ್ನೂ ಅವನು ಕೊಯ್ದಂತೆ ಪುಸ್ತಕ ಹೇಳುವುದಿಲ್ಲ.

ಹನನ್ಯನಿಗೂ ಯೆರೆಮೀಯನಿಗೂ ಇರುವ ವ್ಯತ್ಯಾಸ ನನಗೆ ಇಲ್ಲಿ ಸ್ಪಷ್ಟವಾಗುತ್ತದೆ. ಹನನ್ಯ ಕೇಳುವವರ ದುಡ್ಡಿನ ಮೇಲೆ, ಕೇಳುವವರ ದಿನಗಳ ಮೇಲೆ ಮಾತು ಕೊಟ್ಟ. ಯೆರೆಮೀಯ ತನ್ನ ಗಂಟಿನಿಂದ ಬೆಳ್ಳಿ ತೆಗೆದು ತೂಗಿದ. ಫೋನಿನಲ್ಲಿ ಎರಡು ತಿಂಗಳ ವಾಯಿದೆ ಹೇಳಿದವರು ಆ ಮನೆಯ ಒಂದು ತಿಂಗಳ ಬಾಡಿಗೆಯನ್ನೂ ಕಟ್ಟಲಿಲ್ಲ. ಆ ಹುಡುಗಿಗೆ ನಾನು ಹೇಳಬಹುದಾದ ಉತ್ತರ ಇದು: ದೇವರ ಹೆಸರಿನಲ್ಲಿ ಮಾತಾಡುವವರು ಆ ಮಾತಿಗೆ ತಮ್ಮದೇನನ್ನು ಒತ್ತೆ ಇಟ್ಟಿದ್ದಾರೆಂದು ಮೊದಲು ನೋಡಮ್ಮ.

ಯೆಶಾಯನ 53ನೇ ಅಧ್ಯಾಯಕ್ಕೂ ನಾನು ಈ ದಾರಿಯಿಂದಲೇ ಮರಳುತ್ತೇನೆ. ಶಿಲುಬೆಯನ್ನು ಕಂಡ ಶಿಷ್ಯರಿಗೆ ಅದು ಬರೀ ಸೋಲಾಗಿತ್ತು. ಬೇರೆಯವರ ಸಾಲವನ್ನು ತಾನೇ ಹೊರುವ ಸೇವಕನ ಹಳೆಯ ಮಾತು ಬಳಿಯಲ್ಲಿ ಇದ್ದುದರಿಂದ, ಆ ಸೋಲಿನಲ್ಲಿ ದೇವರು ತನ್ನದನ್ನೇ ತೂಗಿಕೊಟ್ಟಿದ್ದಾನೆ ಎಂದು ಅವರು ಕಂಡುಕೊಂಡರು. ಇದನ್ನು ವೋಚರು ತೋರಿಸಿ ಸಾಬೀತು ಮಾಡಲಾರೆ. ಆದರೆ ವೀಸಾ ಎಂದು ಮುಗಿಯುವುದೋ ಗೊತ್ತಿಲ್ಲದ ಈ ಊರಿನಲ್ಲಿ, ಇದರ ಕ್ಷೇಮಕ್ಕಾಗಿ ಪ್ರಾರ್ಥಿಸಿ, ಕೆಲಸ ಹೋದ ನೆರೆಯವನ ಬಾಡಿಗೆ ಚೆಕ್ಕಿಗೆ ನನ್ನ ಖಾತೆಯಿಂದ ಹಣ ತುಂಬುವಷ್ಟು ಧೈರ್ಯವನ್ನು ಆ ಹಳೆಯ ಮಾತುಗಳು ನನಗೆ ಕೊಟ್ಟಿವೆ. ಪ್ರವಾದನೆ ನಂಬಿಕೆಯನ್ನು ಬಲಪಡಿಸುತ್ತದೆ ಎಂದರೆ ನನ್ನ ಮಟ್ಟಿಗೆ ಇಷ್ಟೇ ಅರ್ಥ.